ಫರ್ನ್‌ಳ ವ್ಯಾನು, ಮಾರಿಕುಪ್ಪಂ ರೈಲು

‘ನೊಮ್ಯಾಡ್‌ಲ್ಯಾಂಡ್’ ಚಿತ್ರ ಶುರುವಾಗುವಾಗ ಪರದೆ ಮೇಲೆ ಮೂಡುವ ಬರಹವನ್ನು ಕೋಲಾರ ಚಿನ್ನದ ಗಣಿಯ ಊರಾದ ಕೆಜಿಎಫ್‌ನವರು ಓದಿ ಸುಮ್ಮನಿರಲಾರರು. 2011ರ ಜನವರಿ 31ರಂದು ಅಮೆರಿಕದ ನೆವಾಡಾದ ಎಂಪೈರ್ ಊರಿನಲ್ಲಿ ಜಿಪ್ಸಂ ಕಾರ್ಖಾನೆ ಮುಚ್ಚಿತು. ಜುಲೈ ಹೊತ್ತಿಗೆ ಊರಿನ ಪಿನ್‌ಕೋಡೇ ರದ್ದಾಯಿತು. ನಮ್ಮ ಪಾಲಿಗೆ ಆ ದಿನ ಬಂದದ್ದು 2001ರ ಫೆಬ್ರುವರಿ 28ಕ್ಕೆ. ಜಾನ್ ಟೇಲರ್ ಕಂಪನಿ 1880ರಲ್ಲಿ ಹಿಡಿದ ಕೆಲಸವನ್ನು ಭಾರತ್ ಗೋಲ್ಡ್ ಮೈನ್ಸ್ ಅವತ್ತು ನಿಲ್ಲಿಸಿತು. ನಂದಿದುರ್ಗ, ಚಾಂಪಿಯನ್ ರೀಫ್ ಗಣಿಗಳ ಆಳಕ್ಕೆ ನೀರು ತುಂಬಿತು.

ಚಿತ್ರದ ಫರ್ನ್ ವಿಧವೆ. ಗಂಡ ಆ ಕಾರ್ಖಾನೆಯ ನೌಕರ, ಮನೆ ಕಂಪನಿಯದು. ಗಂಡ ಹೋದ, ಕಂಪನಿ ಹೋಯಿತು, ಅದರ ಹಿಂದೆ ಊರೂ ಹೋಯಿತು. ಆಕೆ ಒಂದು ಹಳೇ ವ್ಯಾನಿನಲ್ಲಿ ಸಂಸಾರ ಹೂಡಿ ಗೋದಾಮು, ಬೀಟ್ ಕಣ, ಕ್ಯಾಂಪ್‌ಗಳೆಂದು ಸಿಕ್ಕ ಕೂಲಿ ಹಿಡಿದು ಹೊರಡುತ್ತಾಳೆ. ಫಣಿಯಮ್ಮ, ‘ಘಟಶ್ರಾದ್ಧ’ದ ಯಮುನಕ್ಕ ಮುಂತಾದ ನಮ್ಮ ಸಿನಿಮಾದ ವಿಧವೆಯರನ್ನು ಹೊಸಿಲೊಳಗೇ ಕಂಡು ಬೆಳೆದ ನನಗೆ, ಹೆದ್ದಾರಿಯಲ್ಲಿ ಸ್ಟೀರಿಂಗ್ ಹಿಡಿದ ಈ ಹೆಂಗಸು ದೊಡ್ಡ ಸಂತೋಷ ಕೊಟ್ಟಳು.

ಫರ್ನ್ ಆಗಿ ನಟಿಸಿದ ಫ್ರಾನ್ಸೆಸ್ ಮೆಕ್‌ಡೋರ್ಮಂಡ್ ಅಳುವುದು ಕಡಿಮೆ. ಕೊಟ್ಟಿಗೆಯಂಥ ಗೋದಾಮಿನಲ್ಲಿ ಗಂಡನ ಅಂಗಿಯನ್ನು ಮೂಸಿ ಅಪ್ಪಿಕೊಳ್ಳುತ್ತಾಳೆ, ಅಷ್ಟೆ. ಚಿತ್ರದ ಜೀವ ಇರುವುದು ಬಹಳ ತಡವಾಗಿ, ಅಲೆಮಾರಿ ಬಾಬ್ ವೆಲ್ಸ್ ಎದುರು ಆಕೆ ಬಾಯಿಬಿಡುವಾಗ. ಗಂಡನಿಗೆ ಅಪ್ಪ ಅಮ್ಮ ಯಾರೆಂದು ಗೊತ್ತಿರಲಿಲ್ಲ, ತಮಗೆ ಮಕ್ಕಳಿಲ್ಲ. ತಾನೂ ಊರು ಬಿಟ್ಟರೆ ಅವನು ಬದುಕಿಯೇ ಇರಲಿಲ್ಲ ಎಂದಾಗುತ್ತದೆ, ಅದಕ್ಕೇ ಅಷ್ಟು ದಿನ ಅಲ್ಲೇ ಇದ್ದೆ ಎನ್ನುತ್ತಾಳೆ. ಗಂಡನ ಶೋಕ, ಊರಿನ ಶೋಕ ಎರಡೂ ಒಂದೇ ಎಂದು ಇಷ್ಟು ನೇರವಾಗಿ ಹೇಳಿದ ಚಿತ್ರವನ್ನು ನಾನು ಬೇರೆ ಕಂಡಿಲ್ಲ.

ಕೆಜಿಎಫ್‌ನ ಕಾರ್ಮಿಕರ ಲೈನ್ ಮನೆಗಳ ವಿಧವೆಯರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಿಲ್ಲ. ಕಲ್ಲು ಸಿಡಿದು ಸತ್ತವರು, ಗಣಿಯ ದೂಳು ಕುಡಿದು ಸಿಲಿಕೋಸಿಸ್‌ನಿಂದ ಕೆಮ್ಮಿ ಸತ್ತವರು ಇಲ್ಲಿನ ಎಷ್ಟೋ ಮನೆಗಳ ಗಂಡಸರು. ಆದರೆ ಎಂಪೈರ್‌ನಂತೆ ಈ ಊರು ಖಾಲಿಯಾಗಲಿಲ್ಲ. ಉಳಿದವರು ಹೊಟ್ಟೆಪಾಡಿಗೆ ರೈಲು ಹತ್ತಿದರು. ಗಣಿಗೆಂದು 1894ರಲ್ಲಿ ಬೌರಿಂಗ್‌ಪೇಟೆಯಿಂದ, ಅಂದರೆ ಇಂದಿನ ಬಂಗಾರಪೇಟೆಯಿಂದ, ಮಾರಿಕುಪ್ಪಂವರೆಗೆ ಹಾಕಿದ ಹಳಿಯದು. ಚಿನ್ನಕ್ಕಾಗಿ ಬಂದ ಆ ಹಳಿಯೇ ಈಗ ನಸುಕಿಗೆ ಮಾರಿಕುಪ್ಪಂ, ಚಾಂಪಿಯನ್, ಊರ್ಗಾಂ, ಕೋರಮಂಡಲ್‌ಗಳಲ್ಲಿ ಜನರನ್ನು ಹತ್ತಿಸಿಕೊಂಡು ಮಾಲೂರು ದಾಟಿ ಬೆಂಗಳೂರಿಗೆ ಒಯ್ಯುತ್ತದೆ, ರಾತ್ರಿ ಮತ್ತೆ ತಂದು ಬಿಡುತ್ತದೆ. ಸೀಸನ್ ಪಾಸಿನ ಈ ಅಲೆಮಾರಿತನಕ್ಕೆ ಚಿತ್ರದ ಬ್ಯಾಡ್‌ಲ್ಯಾಂಡ್ಸ್‌ನ ಸೂರ್ಯಾಸ್ತವಿಲ್ಲ, ನಿಂತೇ ಮಾಡುವ ಪಯಣವಿದೆ.

ಚಿತ್ರದ ಮೇಲೆ ನನ್ನ ತಕರಾರೂ ಇಲ್ಲೇ. ಜೆಸಿಕಾ ಬ್ರೂಡರ್ 2017ರಲ್ಲಿ ಬರೆದ ಮೂಲ ಪುಸ್ತಕದಲ್ಲಿ ಇಳಿವಯಸ್ಸಿನ ಗೋದಾಮು ಕೂಲಿಗಳ ಮೈನೋವಿದೆ. ನಿರ್ದೇಶಕಿ ಕ್ಲೋಯಿ ಜಾವೋ ಅದನ್ನು ಮೆತ್ತಗೆ ಮಾಡಿದ್ದಾರೆ. ಲುಡೊವಿಕೊ ಐನೌಡಿಯ ಪಿಯಾನೊ ನೋವಿಗೆ ಬೇಗ ಮುಲಾಮು ಹಚ್ಚುತ್ತದೆ. ವೆನಿಸ್‌ನ ಗೋಲ್ಡನ್ ಲಯನ್, 2021ರಲ್ಲಿ ಮೂರು ಆಸ್ಕರ್ ಇದಕ್ಕೆ ಸಂದವು. ಆ ಗೌರವದ ದೊಡ್ಡ ಪಾಲು ಲಿಂಡಾ ಮೇ, ಸ್ವಾಂಕಿ, ಬಾಬ್ ವೆಲ್ಸ್ ಅವರದು. ನಿಜಜೀವನದಲ್ಲೂ ಅಲೆಮಾರಿಗಳಾದ ಇವರು ತಮ್ಮ ಹೆಸರಿನಲ್ಲೇ ನಟಿಸಿದ್ದಾರೆ.

2018ರಲ್ಲಿ ಪ್ರಶಾಂತ್ ನೀಲ್ ಅವರ ‘ಕೆಜಿಎಫ್’ ಚಿನ್ನ ತೆಗೆದು ಉಳಿದ ಮಣ್ಣಿನ ನಮ್ಮ ಸೈನೈಡ್ ದಿಬ್ಬಗಳನ್ನು ದೇಶಕ್ಕೆಲ್ಲ ತೋರಿಸಿತು. ಆ ದಿಬ್ಬಗಳ ನೆರಳಿನಲ್ಲಿ ಮನೆ ಮಾಡಿದವರ ಸಿನಿಮಾ ಇನ್ನೂ ಬರಬೇಕು. ಬಂದರೆ ತಾರೆಯರು ಬೇಡ, ಮೊದಲ ರೈಲಿನ ಹೆಂಗಸರೇ ಸಾಕು. ಮಾತು ತಮಿಳು, ತೆಲುಗು, ಕನ್ನಡ ಮೂರರಲ್ಲೂ ಬರಲಿ, ಅವರು ಬೋಗಿಯಲ್ಲಿ ಆಡುವ ಹಾಗೆಯೇ. ಅದನ್ನು ಯಾರೂ ಒಂದೇ ಭಾಷೆಗೆ ಡಬ್ ಮಾಡಬಾರದು.