ಅಮೀರಬಾಯಿ ಕರ್ನಾಟಕಿ: ಕಂಠದಲ್ಲಿ ಉಳಿದ ನಟಿ

ಅಮೀರಬಾಯಿ ಕರ್ನಾಟಕಿಯವರ ಹೆಸರು ಬಂದೊಡನೆ ಮುಂಬಯಿ ಕನ್ನಡಿಗರಾದ ನಾವು ‘ನಮ್ಮವರು’ ಎಂದು ಹೆಮ್ಮೆಪಡುತ್ತೇವೆ. ಮರುಕ್ಷಣವೇ ಅವರ ಸಂಸಾರದ ಕಷ್ಟಗಳನ್ನು ನೆನೆದು ಮರುಗುತ್ತೇವೆ. ಹೆಮ್ಮೆ ಮತ್ತು ಮರುಕಗಳ ನಡುವೆ ಅವರ ಕಲೆಯ ಮಾತು ಹಿಂದುಳಿಯುತ್ತದೆ. ರಹಮತ್ ತರೀಕೆರೆಯವರು ಅವರನ್ನು ಕುರಿತು ಕನ್ನಡದಲ್ಲಿ ಪುಸ್ತಕವನ್ನೇ ಬರೆದಿದ್ದಾರೆ. ಹಾಡುಗಳನ್ನು ಕಿವಿಗೊಟ್ಟು ಕೇಳುವ ಕೆಲಸವಾದರೂ ನಮ್ಮದಾಗಬೇಡವೇ?

ಅಂದಿನ ಬಿಜಾಪುರ ಜಿಲ್ಲೆಯ ಬೀಳಗಿಯಲ್ಲಿ ಹುಟ್ಟಿದ ಅಮೀರಬಾಯಿಯವರದು ಹಾಡು-ನಾಟಕಗಳ ಮನೆತನ. ಸೋದರಿ ಗೋಹರಬಾಯಿ ಬಾಲಗಂಧರ್ವರ ನಾಟಕ ಮಂಡಳಿ ಸೇರಿ ಹೆಸರಾದರು. ಅಮೀರಬಾಯಿ 1930ರ ದಶಕದಲ್ಲಿ ಹಿಂದಿ ಚಿತ್ರಗಳಿಗೆ ಬಂದದ್ದು ತಾವೇ ಅಭಿನಯಿಸಿ ಹಾಡುವ ನಟಿಯಾಗಿ. ಆದರೆ ಅದೇ ದಶಕದಲ್ಲಿ ಹಿನ್ನೆಲೆ ಗಾಯನವೂ ಬಂದಿತು. ಒಬ್ಬರ ಮುಖ, ಇನ್ನೊಬ್ಬರ ಕಂಠ ಎಂಬ ಏರ್ಪಾಡಿನಲ್ಲಿ ಅವರ ಪಾಲಿಗೆ ಹೆಚ್ಚಾಗಿ ಉಳಿದದ್ದು ಕಂಠವೇ.

1943ರ ‘ಕಿಸ್ಮತ್’ ಇದಕ್ಕೆ ನಿದರ್ಶನ. ನಮ್ಮ ಸಾಂತಾಕ್ರೂಜಿನಿಂದ ಲೋಕಲಿನಲ್ಲಿ ಅರ್ಧ ಗಂಟೆಯೊಳಗೆ ಸೇರಬಹುದಾದ ಮಲಾಡಿನಲ್ಲಿ ಬಾಂಬೆ ಟಾಕೀಸ್ ತಯಾರಿಸಿದ ಚಿತ್ರ. ಅನಿಲ್ ಬಿಸ್ವಾಸರ ಸಂಗೀತ. ತೆರೆಯ ಮೇಲೆ ಮುಮ್ತಾಜ್ ಶಾಂತಿ, ಹಾಡಿನಲ್ಲಿ ಅಮೀರಬಾಯಿ. ಕಲ್ಕತ್ತೆಯ ಒಂದೇ ಚಿತ್ರಮಂದಿರದಲ್ಲಿ ಅದು ಮೂರು ವರ್ಷಕ್ಕೂ ಮೇಲ್ಪಟ್ಟು ಓಡಿತು.

ಅದರ ಎರಡು ಹಾಡುಗಳನ್ನು ಹೋಲಿಸಿ ನೋಡಬೇಕು. ರಂಗಮಂದಿರದ ವೇದಿಕೆಯ ಮೇಲೆ ನಡೆಯುವ ದೇಶಭಕ್ತಿಗೀತೆಯನ್ನು ಖಾನ್ ಮಸ್ತಾನರೊಡನೆ ಹಾಡುವಾಗ, ಹಿಂದಿನ ಬೆಂಚಿನವನಿಗೂ ಮುಟ್ಟಬೇಕೆಂಬ ಕಂಪನಿ ನಾಟಕದ ಛಲ ಅವರ ದನಿಯಲ್ಲಿದೆ. ದೀಪಾವಳಿಯ ಹಾಡಿನಲ್ಲಿ ಅದೇ ದನಿ ಪಕ್ಕದಲ್ಲಿ ಕುಳಿತವರೊಡನೆ ಮಾತಾಡುವಷ್ಟು ಹತ್ತಿರ ಬರುತ್ತದೆ. ಅಳುವಿನ ಆಡಂಬರವಿಲ್ಲ, ಪ್ರತಿ ಶಬ್ದವೂ ಸ್ಪಷ್ಟ. ಕೇಳುವವರು ಎಷ್ಟು ದೂರದಲ್ಲಿದ್ದಾರೆಂದು ತಿಳಿದು ಹಾಡುವುದು ನಟಿಯ ವಿದ್ಯೆ. ತೆರೆ ಅವರ ಮುಖವನ್ನು ಕಸಿದುಕೊಂಡಿತು, ಅಭಿನಯವನ್ನಲ್ಲ.

ಶೋಕಗೀತೆಗಳೇ ಮೇಲಿಂದ ಮೇಲೆ ಪಾಲಿಗೆ ಬಂದುದರಿಂದ ಕೆಲವು ಕಡೆ ಒಂದೇ ಧಾಟಿ ಕೇಳಿಸುವುದೂ ಉಂಟು. ಅದು ಬೇಡಿಕೆಯ ದೋಷವೇ ಹೊರತು ಕಂಠದ್ದಲ್ಲ. 1940ರ ದಶಕದ ಕೊನೆಗೆ ಲತಾ ಮಂಗೇಶ್ಕರರ ಯುಗ ಆರಂಭವಾದಾಗ ಅಮೀರಬಾಯಿ ಮತ್ತೆ ಸಣ್ಣಪುಟ್ಟ ಪಾತ್ರಗಳಿಗೆ ಮರಳಿದರು. 1965ರಲ್ಲಿ ತೀರಿಕೊಂಡರು.

ನಾಡು ಬಿಟ್ಟು ಬಂದು ಪರಭಾಷೆಯಲ್ಲಿ ದುಡಿದರೂ ‘ಕರ್ನಾಟಕಿ’ ಎಂಬುದನ್ನು ಅವರು ಹೆಸರಿನಿಂದ ಕಳಚಲಿಲ್ಲ. ಇಂದು ಮೊಬೈಲಿನಲ್ಲಿ ಅವರ ಹಾಡುಗಳು ಸುಲಭವಾಗಿ ಸಿಗುತ್ತವೆ. ಮಕ್ಕಳಿಗೆ ಕೇಳಿಸುವಾಗ ಮೊದಲು ಕಣ್ಣೀರಿನ ಕಥೆ ಹೇಳದಿರೋಣ. ಆ ದನಿಯಲ್ಲಿರುವ ನಟಿಯನ್ನು ಗುರುತಿಸಲು ಕಲಿಸೋಣ.