‘ಮಾಂಟೆ ಕ್ರಿಸ್ಟೊ’ ಚಿತ್ರದ ರಸಾಸ್ವಾದ: ಒಂದು ವಿವೇಚನೆ

ಪ್ರಸಿದ್ಧ ಕಾದಂಬರಿಯೊಂದು ಚಲಚ್ಚಿತ್ರವಾಗಿ ಬಂದಾಗ ವಿದ್ಯಾವಂತ ಪ್ರೇಕ್ಷಕನು ಎರಡು ಬಗೆಯಾಗಿ ವರ್ತಿಸುವುದುಂಟು. ಚಿತ್ರಮಂದಿರದಲ್ಲಿ ಕುಳಿತಿರುವಷ್ಟು ಹೊತ್ತು ಅವನು ಮನಸಾರೆ ಸಂತೋಷಪಡುತ್ತಾನೆ. ಹೊರಕ್ಕೆ ಬಂದೊಡನೆಯೇ ಆ ಸಂತೋಷಕ್ಕಾಗಿ ನಾಚಿ, ಮೂಲದಲ್ಲಿ ಹೀಗಿಲ್ಲ, ಹಾಗಿಲ್ಲ ಎಂದು ದೋಷಗಳ ಪಟ್ಟಿಯೊಂದನ್ನು ಸಿದ್ಧಪಡಿಸುತ್ತಾನೆ. ಇವೆರಡರಲ್ಲಿ ಅವನ ನಿಜವಾದ ಅಭಿಪ್ರಾಯ ಯಾವುದು? ಅನುಭವಿಸಿದ ಸಂತೋಷವನ್ನು ಅಲ್ಲಗಳೆಯುವ ವಿಮರ್ಶೆ ಪ್ರಾಮಾಣಿಕವಾಗಲಾರದು. ಸಂತೋಷ ದೊರೆಯಿತೆಂಬ ಕಾರಣದಿಂದಲೇ ಪ್ರಶ್ನೆಗಳನ್ನು ಕೈಬಿಡುವ ರಸಿಕತೆಯೂ ಪೂರ್ಣವಾಗಲಾರದು. ಅಲೆಕ್ಸಾಂಡರ್ ಡ್ಯೂಮಾನ ‘ಕೌಂಟ್ ಆಫ್ ಮಾಂಟೆ ಕ್ರಿಸ್ಟೊ’ ಕಾದಂಬರಿಯನ್ನು ಆಧರಿಸಿ ಕೆವಿನ್ ರೆನಾಲ್ಡ್ಸ್ ನಿರ್ದೇಶಿಸಿದ, 2002ರಲ್ಲಿ ತೆರೆಕಂಡ ಇಂಗ್ಲಿಷ್ ಚಿತ್ರವು ಈ ಸಮಸ್ಯೆಯನ್ನು ಪರಿಶೀಲಿಸಲು ಒಳ್ಳೆಯ ನಿದರ್ಶನ. ಏಕೆಂದರೆ ಅದು ಮೂಲದಿಂದ ಬಹುದೂರ ಸರಿದಿರುವ ಚಿತ್ರ. ಹಾಗಿದ್ದೂ ನೋಡಿದವರ ಮನಸ್ಸನ್ನು ಹಿಡಿದು ನಿಲ್ಲಿಸುವ ಚಿತ್ರ.

ಮೂಲಕೃತಿಯು 1844ರಿಂದ 1846ರವರೆಗೆ ಪ್ಯಾರಿಸ್ಸಿನ ಪತ್ರಿಕೆಯೊಂದರಲ್ಲಿ ಧಾರಾವಾಹಿಯಾಗಿ ಬಂದಿತು. ರಚನೆಯಲ್ಲಿ ಡ್ಯೂಮಾನಿಗೆ ಓಗುಸ್ಟ್ ಮಾಕೆ ಎಂಬವನ ನೆರವಿತ್ತು. ಕಥೆ ಹಲವರಿಗೆ ಪರಿಚಿತವೇ. ಮಾರ್ಸೇಲ್ಸ್ ಬಂದರಿನ ತರುಣ ನಾವಿಕ ಎಡ್ಮಂಡ್ ಡಾಂಟೆಸ್ 1815ರಲ್ಲಿ ತನ್ನ ನಿಶ್ಚಿತಾರ್ಥದ ಔತಣದ ನಡುವೆಯೇ ಸೆರೆಯಾಗುತ್ತಾನೆ. ನೆಪೋಲಿಯನ್ನನ ಪಕ್ಷದವನೆಂಬ ಸುಳ್ಳು ದೂರು. ವಿಚಾರಣೆಯಿಲ್ಲದೆ ಸಮುದ್ರದ ನಡುವಣ ದುರ್ಗದಲ್ಲಿ ಹದಿನಾಲ್ಕು ವರ್ಷಗಳ ಬಂಧನ. ಅಲ್ಲಿ ಅಬೆ ಫರಿಯಾ ಎಂಬ ವೃದ್ಧ ಪಾದ್ರಿಯಿಂದ ವಿದ್ಯೆಯನ್ನೂ ಗುಪ್ತನಿಧಿಯ ಸುಳಿವನ್ನೂ ಪಡೆದು, ಅವನ ಶವದ ಚೀಲದಲ್ಲಿ ತಾನು ಅಡಗಿ ಪಾರಾಗುತ್ತಾನೆ; ಅನಂತರ ಕೌಂಟ್ ಎಂಬ ಬಿರುದು ಧರಿಸಿ ಪ್ಯಾರಿಸ್ಸಿಗೆ ಬಂದು ತನ್ನನ್ನು ಕೆಡಿಸಿದವರನ್ನು ಒಬ್ಬೊಬ್ಬರನ್ನಾಗಿ ಕೆಡವುತ್ತಾನೆ. ನೂರಹದಿನೇಳು ಅಧ್ಯಾಯಗಳ ಈ ಮಹಾಪ್ರಬಂಧವನ್ನು ಚಿತ್ರವು ಸುಮಾರು ಎರಡೂಕಾಲು ಗಂಟೆಯೊಳಗೆ ಅಡಕಗೊಳಿಸಬೇಕಾಗಿತ್ತು. ಬಿಡುವುದು, ಕೂಡಿಸುವುದು, ಬದಲಿಸುವುದು ಅನಿವಾರ್ಯವೇ ಆಗಿತ್ತು.

ಮೂಲವನ್ನು ಬದಲಿಸಿದುದೇ ಅಪರಾಧವೆಂದು ಹೇಳುವ ಅಧಿಕಾರ ಕನ್ನಡಿಗರಿಗಂತೂ ಇಲ್ಲ. ನಮ್ಮ ಸಾಹಿತ್ಯದ ಶಿಖರಗಳೇ ಈ ಬಗೆಯ ಬದಲಾವಣೆಯಿಂದ ಎದ್ದುನಿಂತವು. ವ್ಯಾಸಭಾರತದ ಕೊನೆಯ ಯುದ್ಧವೊಂದನ್ನು ಎತ್ತಿಕೊಂಡು, ಅದರ ಸುತ್ತ ಇಡೀ ಭಾರತವನ್ನು ಹಿನ್ನೋಟದಿಂದ ತೋರಿಸಿದವನು ರನ್ನ. ಆ ಕಾವ್ಯವನ್ನು ಮತ್ತೆ ನಾಟಕವಾಗಿ ಬಿಗಿಗೊಳಿಸಿದವರು ಬಿ. ಎಂ. ಶ್ರೀಕಂಠಯ್ಯನವರು, ಗ್ರೀಕ್ ಕವಿ ಸೊಫೋಕ್ಲಿಸನ ಏಜಾಕ್ಸನನ್ನು ಅಶ್ವತ್ಥಾಮನಾಗಿಸಿ ‘ಅಶ್ವತ್ಥಾಮನ್’ ಬರೆದವರೂ ಅವರೇ. ಇವುಗಳನ್ನು ನಾವು ಮೂಲದೊಡನೆ ಸಾಲುಸಾಲಾಗಿ ತಾಳೆ ನೋಡಿ ಬೆಲೆಗಟ್ಟುವುದಿಲ್ಲ. ನಾವು ಕೇಳುವ ಪ್ರಶ್ನೆ ಬೇರೆ: ಈ ಹೊಸ ಕೃತಿಯು ತಾನು ಕೈಗೊಂಡ ಭಾವಕ್ಕೆ ತಾನು ನಿಷ್ಠವಾಗಿದೆಯೆ? ಕ್ಷೇಮೇಂದ್ರನ ಮಾತಿನಲ್ಲಿ ಹೇಳುವುದಾದರೆ, ಇಲ್ಲಿ ಔಚಿತ್ಯವಿದೆಯೆ? ಇದೇ ಅಳತೆಗೋಲನ್ನು ಚಿತ್ರಕ್ಕೂ ಹಿಡಿಯುವುದು ನ್ಯಾಯ.

ಹೀಗೆ ನೋಡಿದಾಗ ಚಿತ್ರದ ಮೊದಲರ್ಧವು ಮೆಚ್ಚತಕ್ಕದ್ದಾಗಿದೆ. ಕಾದಂಬರಿಯಲ್ಲಿ ಡಾಂಟೆಸನ ನಾಶಕ್ಕೆ ಹಲವರು ಕಾರಣರು: ಹಡಗಿನ ನಾಯಕತ್ವ ತಪ್ಪಿತೆಂದು ಕರುಬುವ ಡಾಂಗ್ಲಾರ್, ಮರ್ಸಿಡಿಸಳನ್ನು ಬಯಸಿದ ಬೆಸ್ತರ ಹುಡುಗ ಫರ್ನಾಂಡ್, ಕುಡಿದ ಮತ್ತಿನಲ್ಲಿ ಎಲ್ಲವನ್ನೂ ಕಂಡೂ ಬಾಯಿಬಿಡದ ಕದರೂಸ್, ತನ್ನ ತಂದೆಯ ಗುಟ್ಟನ್ನು ಮುಚ್ಚಲು ನಿರಪರಾಧಿಯನ್ನು ಬಲಿಕೊಟ್ಟ ನ್ಯಾಯಾಧಿಕಾರಿ ವಿಲ್ಫೋರ್. ಅಸೂಯೆ, ಕಾಮ, ಹೇಡಿತನ, ಅಧಿಕಾರಲೋಭ ಇವು ನಾಲ್ಕೂ ಒಂದು ಸಂಜೆ ಒಟ್ಟುಗೂಡಿ ಒಬ್ಬ ಸಜ್ಜನನನ್ನು ನುಂಗುತ್ತವೆ. ಚಿತ್ರವು ಈ ಭಾರದ ಬಹುಭಾಗವನ್ನು ಫರ್ನಾಂಡನೊಬ್ಬನ ಮೇಲೆ ಹೊರಿಸಿ, ಅವನನ್ನು ಎಡ್ಮಂಡನ ಆಪ್ತಮಿತ್ರನನ್ನಾಗಿ, ಶ್ರೀಮಂತ ಕುಲದ ಮಗನನ್ನಾಗಿ ಮಾಡಿದೆ. ಸಮಾಜಚಿತ್ರಣದ ವಿಸ್ತಾರ ಇದರಿಂದ ಕುಗ್ಗಿತೆಂಬುದು ನಿಜ. ಆದರೆ ಪ್ರತಿಯಾಗಿ ಒಂದು ಸೂಕ್ಷ್ಮ ದೊರೆಯಿತು. ಎಲ್ಲವನ್ನೂ ಪಡೆದು ಹುಟ್ಟಿದವನು ಏನೂ ಇಲ್ಲದವನನ್ನು ಕಂಡು ಕರುಬುತ್ತಾನೆ. ದ್ರೋಹಕ್ಕೆ ಕಾರಣವೇನೆಂದು ಎಡ್ಮಂಡ್ ಕೇಳಿದಾಗ ಅವನು ಕೊಡುವ ಉತ್ತರದ ತಾತ್ಪರ್ಯ ಇಷ್ಟೇ: ನೀನು ಗುಮಾಸ್ತನ ಮಗ, ನಾನು ನಿನ್ನಂತಾಗಬೇಕೆಂದು ಬಯಸುವ ಸ್ಥಿತಿ ಬರಬಾರದಾಗಿತ್ತು. ಗೈ ಪಿಯರ್ಸನ ಅಭಿನಯದಲ್ಲಿ ಈ ಅಸೂಯೆ ಅಬ್ಬರವಿಲ್ಲದೆ, ತುಟಿಯಂಚಿನ ಕಹಿಯಾಗಿ ಕಾಣುತ್ತದೆ. ಗೆಳೆಯರಿಬ್ಬರ ನಡುವೆ ಕೈಬದಲಾಗುವ ಚದುರಂಗದ ರಾಜನ ಕಾಯಿಯೊಂದು ಸ್ನೇಹದ ಗುರುತಾಗಿ ಹೊರಟು, ಅಣಕವಾಗಿ, ಕೊನೆಗೆ ಋಣಪತ್ರವಾಗಿ ಮಾರ್ಪಡುತ್ತದೆ. ಇದು ಮೂಲದಲ್ಲಿಲ್ಲ, ಆದರೂ ಉಚಿತವಾಗಿದೆ.

ಸೆರೆಮನೆಯ ಭಾಗ ಇನ್ನೂ ಉತ್ತಮ. ಚಿತ್ರದ ಎಡ್ಮಂಡ್ ಅಕ್ಷರ ಬಾರದವನು. ಮೂಲದವನು ಓದುಬರಹ ಬಲ್ಲವನು. ಈ ಬದಲಾವಣೆಯಿಂದ ಗುರುಶಿಷ್ಯ ಸಂಬಂಧಕ್ಕೆ ಹೊಸ ತೂಕ ಬಂದಿದೆ. ಸುರಂಗ ತೋಡಲು ನೆರವಾದರೆ ಬೆಲೆಕಟ್ಟಲಾಗದ ವಸ್ತುವೊಂದನ್ನು ಕೊಡುವೆನೆಂದು ಫರಿಯಾ ಹೇಳಿದಾಗ, ಆ ವಸ್ತು ಜ್ಞಾನವೆಂದು ತಿಳಿದ ಕೈದಿಯ ಮುಖದಲ್ಲಿ ಮೂಡುವ ಬೆರಗನ್ನು ಜಿಮ್ ಕ್ಯಾವೀಝಲ್ ಚೆನ್ನಾಗಿ ತೋರಿಸಿದ್ದಾನೆ. ಫರಿಯಾನಾಗಿ ರಿಚರ್ಡ್ ಹ್ಯಾರಿಸ್ ಗಾಂಭೀರ್ಯವನ್ನೂ ತುಂಟತನವನ್ನೂ ಒಂದೇ ಮುಖದಲ್ಲಿ ಇರಿಸಿದ್ದಾನೆ. ತೊಟ್ಟಿಕ್ಕುವ ನೀರಹನಿಗಳ ನಡುವೆ ಕೈ ತೋಯದಂತೆ ಹಾಯಿಸುವ ಅಭ್ಯಾಸದ ದೃಶ್ಯದಲ್ಲಿ ಕತ್ತಿವರಸೆಯ ಪಾಠವೂ ಇದೆ, ತಾಳ್ಮೆಯ ಪಾಠವೂ ಇದೆ. ಕಾದಂಬರಿಯು ಪುಟಗಟ್ಟಲೆ ಹೇಳಿದ ವಿದ್ಯಾಭ್ಯಾಸವನ್ನು ಚಿತ್ರವು ಒಂದು ಕೈಚಲನೆಯಲ್ಲಿ ಹೇಳಿಬಿಡುತ್ತದೆ. ಚಲಚ್ಚಿತ್ರವು ತನ್ನ ಭಾಷೆಯಲ್ಲಿ ತಾನು ಮಾತನಾಡುವುದೆಂದರೆ ಇದೇ.

ಈ ಫರಿಯಾನ ಹೆಸರು ನಮ್ಮ ನೆರೆಯದೆಂಬುದನ್ನು ಇಲ್ಲಿ ನೆನೆಯುವುದು ಅಪ್ರಸ್ತುತವಾಗಲಾರದು. ನಿಜವಾದ ಅಬೆ ಫರಿಯಾ 1756ರಲ್ಲಿ ಗೋವೆಯ ಕಾಂದೋಳಿಯಲ್ಲಿ ಹುಟ್ಟಿದವನು. ಪ್ಯಾರಿಸ್ಸಿನಲ್ಲಿ ಸಂಮೋಹನ ವಿದ್ಯೆಯ ಕುರಿತು ಬಹಿರಂಗ ಪ್ರದರ್ಶನಗಳನ್ನು ನಡೆಸಿ ಹೆಸರನ್ನೂ ಪರಿಹಾಸವನ್ನೂ ಗಳಿಸಿ 1819ರಲ್ಲಿ ತೀರಿಕೊಂಡನು. ಡ್ಯೂಮಾ ಅವನ ಹೆಸರನ್ನು ತೆಗೆದುಕೊಂಡು ಇಟಲಿಯ ವಿದ್ವಾಂಸನೊಬ್ಬನಿಗೆ ತೊಡಿಸಿದನು. ಕಾರವಾರದ ಗಡಿಯಾಚೆಯ ಪಣಜಿಯಲ್ಲಿ ಆ ಪಾದ್ರಿಯ ಪ್ರತಿಮೆಯನ್ನು ಕಂಡವರಿಗೆ, ಕಾದಂಬರಿಕಾರನ ಮಟ್ಟಿಗೆ ಇತಿಹಾಸವೂ ಒಂದು ಮೂಲಗ್ರಂಥವೇ, ಅದನ್ನೂ ಅವನು ಬೇಕಾದಂತೆ ಮಾರ್ಪಡಿಸಿಕೊಂಡಿದ್ದಾನೆ ಎಂಬುದು ಹೊಳೆಯದಿರದು. ಹೀಗೆ ತಾನೇ ಸ್ವಾತಂತ್ರ್ಯ ವಹಿಸಿದ ಲೇಖಕನಿಗೆ ಚಿತ್ರಕಾರನ ಸ್ವಾತಂತ್ರ್ಯ ಅಪಚಾರವೆನಿಸುತ್ತಿರಲಿಲ್ಲ.

ಇಲ್ಲಿಂದ ಮುಂದೆ ಚಿತ್ರ ನೀಡುವ ಸಂತೋಷವು ಬೇರೆ ಬಗೆಯದು. ಶತ್ರುಗಳು ತಾವು ತೋಡಿದ ಗುಂಡಿಯಲ್ಲಿ ತಾವೇ ಬೀಳುವುದನ್ನು ನೋಡುವ ಸಂತೋಷವದು. ಹಬೆಸ್ನಾನದ ಮನೆಯಲ್ಲಿ ವಿಲ್ಫೋರನ ಬಾಯಿಂದಲೇ ಅವನ ಪಾತಕವನ್ನು ಹೊರಡಿಸುವ ಸನ್ನಿವೇಶದಲ್ಲಿ ಚಪ್ಪಾಳೆ ತಟ್ಟದವನು ವಿರಳ. ಈ ಸಂತೋಷವನ್ನು ಕೀಳೆಂದು ಕಡೆಗಣಿಸಬೇಕಾಗಿಲ್ಲ. ನ್ಯಾಯಾಲಯವೇ ಅನ್ಯಾಯ ಮಾಡಿದಾಗ, ಕಡತವು ಮುಚ್ಚಿಹೋದಾಗ, ಎಲ್ಲಿಯಾದರೂ ಲೆಕ್ಕ ಸರಿಹೋಗಬೇಕೆಂಬ ಹಂಬಲ ಮನುಷ್ಯನಿಗೆ ಸಹಜ. ಸೇಡಿನ ಕಥೆಗಳು ಆ ಹಂಬಲಕ್ಕೆ ಆಕಾರ ಕೊಡುತ್ತವೆ. ದ್ರೌಪದಿಯ ಮುಡಿ ಕಟ್ಟುವವರೆಗೆ ನಮಗೂ ಸಮಾಧಾನವಿರುವುದಿಲ್ಲ.

ಆದರೆ ಮುಡಿ ಕಟ್ಟಿದ ಮೇಲೆ ಏನು? ದೊಡ್ಡ ಕೃತಿಯ ಪರೀಕ್ಷೆ ನಡೆಯುವುದು ಅಲ್ಲಿ. ಡ್ಯೂಮಾನ ಕಾದಂಬರಿಯಲ್ಲಿ ಶೋಕವು ಕ್ರೋಧವಾಗಿ, ಕ್ರೋಧವು ಕೊನೆಗೆ ನಿರ್ವೇದಕ್ಕೆ ತಿರುಗುತ್ತದೆ. ಆ ತಿರುವಿಗೆ ಕಾರಣರಾಗುವವರು ಶತ್ರುಗಳ ಮಕ್ಕಳು. ಫರ್ನಾಂಡನ ಮಗ ಅಲ್ಬರ್ಟ್ ತಂದೆಯ ಮಾನಕ್ಕಾಗಿ ಕೌಂಟನನ್ನು ದ್ವಂದ್ವಕ್ಕೆ ಕರೆಯುತ್ತಾನೆ. ಹಿಂದಿನ ರಾತ್ರಿ ಮರ್ಸಿಡಿಸ್ ಬಂದು ಮಗನ ಪ್ರಾಣಭಿಕ್ಷೆ ಬೇಡುತ್ತಾಳೆ. ಆಗ ಕೌಂಟ್, ತನ್ನ ವೈರಿಯ ಮಗನನ್ನು ಉಳಿಸಲು ತಾನು ಸಾಯಲು ಒಪ್ಪಿಕೊಳ್ಳುತ್ತಾನೆ. ತಾಯಿಯಿಂದ ಸತ್ಯವನ್ನು ತಿಳಿದ ಅಲ್ಬರ್ಟ್ ಮರುದಿನ ಎಲ್ಲರೆದುರು ಕ್ಷಮೆ ಕೇಳುತ್ತಾನೆ. ಅಷ್ಟಕ್ಕೇ ಮುಗಿಯಲಿಲ್ಲ. ವಿಲ್ಫೋರನ ಮನೆಯಲ್ಲಿ ಕೌಂಟ್ ಬಿತ್ತಿದ ವಿಷವು ಅವನ ಲೆಕ್ಕವನ್ನು ಮೀರಿ ಬೆಳೆದು, ಆ ಮನೆಯ ಎಳೆಯ ಬಾಲಕ ಎಡ್ವರ್ಡನನ್ನು ಬಲಿತೆಗೆದುಕೊಳ್ಳುತ್ತದೆ. ಆ ಮಗುವನ್ನು ಬದುಕಿಸಲು ಹೆಣಗಿ ಸೋತ ಕೌಂಟನಿಗೆ, ದೇವರು ತನ್ನ ಕಡೆಗಿದ್ದಾನೆಂಬ ನಂಬಿಕೆ ಮೊದಲ ಬಾರಿಗೆ ಕದಲುತ್ತದೆ.

ಚಿತ್ರದಲ್ಲಿ ಎಡ್ವರ್ಡನ ಮರಣವಿಲ್ಲ. ಅಲ್ಬರ್ಟನಾದರೋ ಫರ್ನಾಂಡನ ಮಗನೇ ಅಲ್ಲ. ಸೆರೆಗೆ ಮುಂಚೆಯೇ ಮರ್ಸಿಡಿಸಳ ಗರ್ಭದಲ್ಲಿದ್ದ ಎಡ್ಮಂಡನ ಮಗ! ಅಲ್ಬರ್ಟನ ಕತ್ತಿ ಎಡ್ಮಂಡನಿಗೆ ಎದುರಾದಾಗ ತಾಯಿ ಈ ರಹಸ್ಯವನ್ನು ಹೊರಗೆಡಹುತ್ತಾಳೆ. ಮುಂದೆ ಫರ್ನಾಂಡ್ ದ್ವಂದ್ವದಲ್ಲಿ ಸಾಯುತ್ತಾನೆ. ತಂದೆ, ತಾಯಿ, ಮಗ ಒಂದುಗೂಡುತ್ತಾರೆ. ನೋಡುವಾಗ ಇದೂ ಹಿತವಾಗಿಯೇ ಇರುತ್ತದೆ. ಆದರೆ ನನ್ನ ದೃಷ್ಟಿಯಲ್ಲಿ ಚಿತ್ರವು ಔಚಿತ್ಯದಿಂದ ಜಾರಿದ ಸ್ಥಳ ಇದೇ. ತನ್ನ ಮಗನನ್ನು ಉಳಿಸುವುದು ಪ್ರಕೃತಿ. ಹುಲಿಯೂ ಅದನ್ನು ಮಾಡುತ್ತದೆ. ವೈರಿಯ ಮಗನನ್ನು ಉಳಿಸುವುದು ಧರ್ಮ. ಅದಕ್ಕೆ ಮನುಷ್ಯನೇ ಬೇಕು. ಮೂಲದಲ್ಲಿ ನಾಯಕನನ್ನು ದೊಡ್ಡವನನ್ನಾಗಿ ಮಾಡಿದ ಒಂದು ಕ್ಷಣವನ್ನು ಚಿತ್ರವು ರಕ್ತಸಂಬಂಧದ ಸುಲಭ ಪರಿಹಾರಕ್ಕೆ ಮಾರಿಬಿಟ್ಟಿತು. ಸೇಡು ತೀರಿಸಿದವನು ಕೊಡಬೇಕಾದ ಬೆಲೆಯನ್ನು ಕೊಡದೆಯೇ ಪಾರಾದನು. ಮೂಲದಿಂದ ಬೇರೆಯಾಯಿತೆಂದು ನಾನು ಆಕ್ಷೇಪಿಸುತ್ತಿಲ್ಲ. ನೀನು ಅನುಭವಿಸಿದ ಅಪರಾಧವನ್ನೇ ನೀನು ಎಸಗಬೇಡವೆಂದು ಸಾಯುವಾಗ ಶಿಷ್ಯನನ್ನು ಎಚ್ಚರಿಸಿದವನು ಈ ಚಿತ್ರದ ಫರಿಯಾನೇ ಅಲ್ಲವೆ? ಚಿತ್ರವು ತಾನೇ ಎತ್ತಿದ ಪ್ರಶ್ನೆಯನ್ನು ತಾನೇ ಕೈಬಿಟ್ಟಿತು.

ನಮ್ಮ ಕವಿಗಳು ಇದನ್ನು ಕೈಬಿಡಲಿಲ್ಲ. ‘ಗದಾಯುದ್ಧ’ವು ಭೀಮನ ಪ್ರತಿಜ್ಞೆಯ ಕಾವ್ಯ, ಆದರೂ ರಣಭೂಮಿಯಲ್ಲಿ ನಡೆಯುವ ದುರ್ಯೋಧನನು ಅಭಿಮನ್ಯುವಿನ ಕಳೇಬರದ ಮುಂದೆ ನಿಂತು, ಆ ಬಾಲಕನ ಸಾಹಸದ ಒಂದಂಶವಾದರೂ ತನ್ನ ಸಾವಿಗೆ ದೊರೆಯಲೆಂದು ಕೈಮುಗಿಯುತ್ತಾನೆ. ವೈರಿಯ ಮಗನಿಗೆ ತಲೆಬಾಗಿದ ಆ ಗಳಿಗೆಯಿಂದ ಅವನು ನಮ್ಮ ಮನಸ್ಸಿನಲ್ಲಿ ಬೇರೆಯೇ ಒಬ್ಬನಾಗುತ್ತಾನೆ. ಇದಕ್ಕೆ ವಿರುದ್ಧವಾಗಿ, ಮಲಗಿದ್ದ ಉಪಪಾಂಡವರನ್ನು ಕೊಂದ ಅಶ್ವತ್ಥಾಮನ ದುಃಖ ಎಷ್ಟೇ ನ್ಯಾಯವಾದದ್ದಾದರೂ ಅವನಿಗೆ ಬಿಡುಗಡೆಯಿಲ್ಲ. ಸೇಡು ಮಕ್ಕಳ ತನಕ ಮುಟ್ಟುತ್ತದೆಂಬುದನ್ನು ಭಾರತವು ಬಹಳ ಹಿಂದೆಯೇ ಕಂಡುಕೊಂಡಿತ್ತು. ಡ್ಯೂಮಾ ತನ್ನ ದಾರಿಯಲ್ಲಿ ಅದೇ ಸ್ಥಳಕ್ಕೆ ಬಂದು ಮುಟ್ಟಿದನು.

2024ರಲ್ಲಿ ಫ್ರಾನ್ಸಿನಲ್ಲಿಯೇ ಈ ಕಾದಂಬರಿ ಮತ್ತೊಮ್ಮೆ ಚಿತ್ರವಾಯಿತು. ಮಾತ್ಯೂ ದೆಲಪೋರ್ಟ್ ಮತ್ತು ಅಲೆಕ್ಸಾಂಡರ್ ದ ಲಾ ಪತೆಲಿಯೇರ್ ನಿರ್ದೇಶಿಸಿ, ಪಿಯೆರ್ ನೀನೆ ನಾಯಕನಾಗಿ ನಟಿಸಿದ ಈ ಚಿತ್ರ ಸುಮಾರು ಮೂರು ಗಂಟೆಗಳದು. ಅದೂ ಪಾತ್ರಗಳನ್ನು ಕೂಡಿಸಿ ಬದಲಿಸಿದೆ. ಆದರೂ ಅಲ್ಬರ್ಟನನ್ನು ವೈರಿಯ ಮಗನಾಗಿಯೇ ಉಳಿಸಿದೆ. ನಾಯಕನನ್ನು ಮನೆಗೆ ಸೇರಿಸದೆ ಕಡಲಿಗೆ ಕಳುಹಿಸಿದೆ. ಕತ್ತಿವರಸೆಯ ಲವಲವಿಕೆಯಲ್ಲಿ 2002ರ ಚಿತ್ರ ಮುಂದು. ಸೇಡಿನ ಬೆಲೆಯನ್ನು ಲೆಕ್ಕಹಾಕುವಲ್ಲಿ ಈ ಚಿತ್ರ ಮುಂದು. ವ್ಯತ್ಯಾಸವಿದ್ದೂ ಮರ್ಮವನ್ನು ಉಳಿಸಿಕೊಳ್ಳಬಹುದೆಂಬುದಕ್ಕೆ ಇದು ಸಾಕ್ಷಿ.

ಕಡೆಯದಾಗಿ ಒಂದು ಮಾತು. ಸೆರೆಯಿಂದ ಪಾರಾದ ಡಾಂಟೆಸ್ ಕಾದಂಬರಿಯಲ್ಲಿ ಮಾರ್ಸೇಲ್ಸಿಗೆ ಬಂದು, ತನ್ನ ತಂದೆ ವಾಸಿಸಿದ್ದ ಕೋಣೆಯ ಬಾಗಿಲು ತಟ್ಟುತ್ತಾನೆ. ತಂದೆ ಹಸಿವಿನಿಂದ ಸತ್ತು ವರ್ಷಗಳಾಗಿವೆ. ಅಲ್ಲಿ ಹೊಸದಾಗಿ ಮದುವೆಯಾದ ದಂಪತಿಗಳು ಸಂಸಾರ ಹೂಡಿದ್ದಾರೆ. ಅವನು ಇಡೀ ಮನೆಯನ್ನೇ ಕೊಳ್ಳಬಲ್ಲ, ಕೊಳ್ಳುತ್ತಾನೆ ಕೂಡ. ಆದರೆ ಆ ಕೋಣೆಯಲ್ಲಿ ಕಳೆದ ಕಾಲವನ್ನು ಕೊಳ್ಳಲಾರ. ಊರು ಬಿಟ್ಟು ದೂರದ ನಗರಗಳಲ್ಲಿ ನೆಲೆಸಿದ ನಮ್ಮಂಥವರಿಗೆ ಈ ಪುಟ್ಟ ಸನ್ನಿವೇಶವು ನಿಧಿ, ಸುರಂಗ, ಕತ್ತಿಕಾಳಗಗಳೆಲ್ಲಕ್ಕಿಂತ ಹತ್ತಿರವಾದುದೆಂದು ತೋರುತ್ತದೆ. ನಾವು ಬಿಟ್ಟುಬಂದ ಬಾಗಿಲು ನಾವು ಬಿಟ್ಟಂತೆಯೇ ಕಾದಿದೆಯೆಂದು ಚಿತ್ರವು ನಂಬಿಸುತ್ತದೆ. ಆ ಎರಡು ಗಂಟೆ ನಾವು ನಂಬುತ್ತೇವೆ, ನಂಬಿ ಸುಖಿಸುತ್ತೇವೆ. ಆ ಸುಖಕ್ಕೆ ನಾಚಬೇಕಾದುದಿಲ್ಲ. ಆದರೆ ಚಿತ್ರವನ್ನು ನೋಡಿ ಸಂತೋಷಪಟ್ಟವರು ಒಮ್ಮೆ ಕಾದಂಬರಿಯನ್ನೂ ಕೈಗೆತ್ತಿಕೊಳ್ಳಲಿ. ಅಲ್ಲಿ ಬಾಗಿಲು ತೆರೆದವರು ಅಪರಿಚಿತರು, ತಟ್ಟಿದವನೂ ಅಪರಿಚಿತನೇ.