ಟೈಲ್ಸಿನ ಅಡಿಯ ಬಚ್ಚಲು

ಟೈಲ್ಸ್ ಹಾಸಿದ ನೆಲವು ನೀರನ್ನು ತಡೆಯುತ್ತದೆ ಎಂಬ ನಂಬಿಕೆಯೇ ಬಚ್ಚಲುಮನೆಯ ನವೀಕರಣದಲ್ಲಿ ಕಾಣುವ ಅನೇಕ ತಪ್ಪುಗಳಿಗೆ ಮೂಲವಾಗಿದೆ. ಒಳ್ಳೆಯ ಟೈಲ್ಸ್ ನೀರನ್ನು ಅಷ್ಟಾಗಿ ಹೀರದಿದ್ದರೂ, ಅವುಗಳ ಸಂದುಗಳಿಗೆ ತುಂಬುವ ಸಿಮೆಂಟ್ ಗ್ರೌಟ್ ಸೂಕ್ಷ್ಮ ರಂಧ್ರಗಳಿಂದ ಕೂಡಿದ ವಸ್ತುವಾದ್ದರಿಂದ, ಷವರಿನ ನೀರು ಪ್ರತಿದಿನವೂ ಸ್ವಲ್ಪಸ್ವಲ್ಪವಾಗಿ ಅದರ ಮೂಲಕ ಕೆಳಗಿಳಿಯುತ್ತದೆ. ಆ ನೀರನ್ನು ತಡೆದು ಹೊರದಾರಿಗೆ ಸಾಗಿಸುವ ಹೊಣೆ ಟೈಲ್ಸಿನ ಅಡಿಯಲ್ಲಿ ಮರೆಯಾಗುವ ಜಲನಿರೋಧಕ ಲೇಪನದ್ದು.

ನಮ್ಮ ನಗರಗಳ ಅನೇಕ ಅಪಾರ್ಟ್‌ಮೆಂಟುಗಳಲ್ಲಿ ಪೈಪುಗಳಿಗೆ ಜಾಗ ಮಾಡಿಕೊಡಲು ಬಚ್ಚಲಿನ ಭಾಗದ ಕಾಂಕ್ರೀಟ್ ಹಾಸನ್ನು ಉಳಿದ ನೆಲಕ್ಕಿಂತ ತಗ್ಗಿನಲ್ಲಿ ಹಾಕುತ್ತಾರೆ. ಇದನ್ನು ಸಂಕನ್ ಸ್ಲ್ಯಾಬ್ ಎನ್ನುತ್ತಾರೆ. ಈ ತಗ್ಗಿಗೆ ಇಟ್ಟಿಗೆ ಚೂರುಗಳನ್ನು ತುಂಬಿ ಮೇಲೆ ಗಾರೆ ಹಾಕುವುದರಿಂದ, ಒಮ್ಮೆ ಒಳಸೇರಿದ ನೀರು ಹೊರಬರಲಾಗದೆ ಅಲ್ಲಿಯೇ ನಿಂತು, ಕೆಳಮನೆಯ ಚಾವಣಿಯಲ್ಲಿ ಬಿಳಿಯ ಉಪ್ಪಾಗಿ ಕಾಣಿಸಿಕೊಳ್ಳುತ್ತದೆ. ಕಾಲಕ್ರಮೇಣ ಕಬ್ಬಿಣದ ಸರಳುಗಳು ತುಕ್ಕು ಹಿಡಿದು ಉಬ್ಬಿ ಕಾಂಕ್ರೀಟನ್ನೇ ಒಡೆಯುತ್ತವೆ. ಆದ್ದರಿಂದ ಬರಿಯ ಸ್ಲ್ಯಾಬಿನ ಮೇಲೊಂದು, ತುಂಬುವಿಕೆ ಮುಗಿದು ವಾಟ ಕೊಟ್ಟ ಗಾರೆಯ ಮೇಲೊಂದು, ಹೀಗೆ ಎರಡು ಹಂತಗಳಲ್ಲಿ ಲೇಪನ ಮಾಡುವುದು ಉತ್ತಮ. ವಾಟ ಎಂದರೆ ನೀರು ಹರಿಯಲು ಕೊಡುವ ಇಳಿಜಾರು. ಷವರಿನ ನೆಲದಲ್ಲಿ ಅದು ಮೀಟರಿಗೆ 10ರಿಂದ 20 ಮಿ.ಮೀ. ಇರಬೇಕು.

ಸಿಮೆಂಟ್ ಪುಡಿಯನ್ನೂ ಅಕ್ರಿಲಿಕ್ ದ್ರವವನ್ನೂ ಕಲಸಿ ಬಳಿಯುವ ಲೇಪನ ಇಂದು ಬಹುವಾಗಿ ಬಳಕೆಯಲ್ಲಿದೆ. ಇದನ್ನು ಧೂಳಿಲ್ಲದ, ತೇವವಿದ್ದರೂ ನೀರು ನಿಲ್ಲದ ನೆಲದ ಮೇಲೆ ಬಳಿದು, ಮೊದಲ ಪದರ ಒಣಗಿದ ಮೇಲೆ ಎರಡನೆಯದನ್ನು ಅದಕ್ಕೆ ಅಡ್ಡಲಾಗಿ ಎಳೆದರೆ, ಒಂದರಲ್ಲಿ ತಪ್ಪಿದ ಜಾಗವನ್ನು ಇನ್ನೊಂದು ಮುಚ್ಚುತ್ತದೆ. ಆದರೆ ಕುಶಲಕರ್ಮಿಯ ಹದ ತಿಳಿಯುವುದು ಬಯಲು ನೆಲದಲ್ಲಲ್ಲ, ಅಂಚುಗಳಲ್ಲಿ. ಗೋಡೆಯೂ ನೆಲವೂ ಬೇರೆಬೇರೆಯಾಗಿ ಅಲುಗುವುದರಿಂದ ಅವು ಕೂಡುವ ಮೂಲೆಯನ್ನು ಮೊದಲು ಗಾರೆಯಿಂದ ದುಂಡಗೆ ಮೆತ್ತಿ, ಲೇಪನದ ನಡುವೆ ನಾರಿನ ಜಾಲರಿಯನ್ನು ಹುದುಗಿಸಿ, ಗೋಡೆಯ ಮೇಲೆ ಸಾಮಾನ್ಯವಾಗಿ 300 ಮಿ.ಮೀ. ಎತ್ತರಕ್ಕೂ ಷವರಿನ ಬದಿಯಲ್ಲಿ ಸುಮಾರು 1,800 ಮಿ.ಮೀ. ಎತ್ತರಕ್ಕೂ ಲೇಪನವನ್ನು ಏರಿಸಬೇಕು.

ಇನ್ನೂ ನಾಜೂಕಾದ ಜಾಗವೆಂದರೆ ನಹನಿ ಟ್ರ್ಯಾಪ್, ಅಂದರೆ ನೆಲದ ನೀರನ್ನು ಒಳಗೆಳೆದು ಚರಂಡಿಯ ದುರ್ವಾಸನೆಯನ್ನು ತಡೆಯುವ ಬಟ್ಟಲು. ನುಣುಪಾದ ಪಿವಿಸಿಗೆ ಲೇಪನ ಸರಿಯಾಗಿ ಅಂಟದ ಕಾರಣ ಅದರ ಅಂಚನ್ನು ಉಪ್ಪುಕಾಗದದಿಂದ ಒರಟುಗೊಳಿಸಿ, ಸುತ್ತಲಿನ ಬಿರುಕನ್ನು ಕುಗ್ಗದ ಗ್ರೌಟಿನಿಂದ ತುಂಬಿ, ಲೇಪನವನ್ನು ಬಟ್ಟಲಿನ ಬಾಯೊಳಕ್ಕೆ ಇಳಿಸಿದಾಗ ಮಾತ್ರ ಟೈಲ್ಸಿನಡಿಯ ನೀರಿಗೆ ಹೊರದಾರಿ ದೊರೆಯುತ್ತದೆ.

ಲೇಪನವು ಪೂರ್ಣವಾಗಿ ಗಟ್ಟಿಯಾದ ಬಳಿಕ ಟ್ರ್ಯಾಪಿನ ಬಾಯಿ ಮುಚ್ಚಿ, ಬಾಗಿಲಿಗೆ ತಾತ್ಕಾಲಿಕ ಕಟ್ಟೆ ಕಟ್ಟಿ, ನೀರು ನಿಲ್ಲಿಸಿ, ಅದರ ಮಟ್ಟವನ್ನು ಗೋಡೆಯ ಮೇಲೆ ಗುರುತಿಸಿ, ಕನಿಷ್ಠ 48 ಗಂಟೆಗಳ ಕಾಲ ಕೆಳಗಿನ ಚಾವಣಿಯನ್ನು ಗಮನಿಸುವುದು ಕೊನೆಯ ಪರೀಕ್ಷೆ. ಈ ಹಂತದಲ್ಲಿ ಕಂಡ ದೋಷವನ್ನು ಒಂದು ಕುಂಚದಿಂದ ಸರಿಪಡಿಸಬಹುದು. ಟೈಲ್ಸ್ ಕೂಡಿಸಿದ ಮೇಲೆ ಅದೇ ದೋಷಕ್ಕೆ ನೆಲವನ್ನೇ ಅಗೆಯಬೇಕಾಗುತ್ತದೆ. ಮೇಸ್ತ್ರಿ ಎಷ್ಟೇ ಅವಸರಪಟ್ಟರೂ ಮನೆಯವರು ಬಿಟ್ಟುಕೊಡಬಾರದ ಎರಡು ದಿನಗಳು ಇವು.